ನೀರು ಕಂಡು ಹೆದರುವ ತನಕ ಕಾಯೋದ್ಯಾಕೆ?



ಹುಚ್ಚುನಾಯಿ ಕಡಿದು ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಸತ್ತವರ ಜಾತಿ ಬರೆಯುವುದಿಲ್ಲ. ಬರೆಯಬೇಕಾಗಿಯೂ ಇಲ್ಲ. ವಯಸ್ಸು ಎಷ್ಟು, ಎಲ್ಲಿದ್ದರು, ಏನು ಕೆಲಸ ಮಾಡುತ್ತಿದ್ದರು ಅನ್ನುವುದನ್ನು ಓದಿದರೆ ಸಾಕು, ಮಿಕ್ಕಿದ್ದು ನಮಗೇ ತಿಳಿಯುತ್ತೆ. ಚಿಂದಿ ಆಯುವ ಹುಡುಗ. ಇಟ್ಟಿಗೆ ಗೂಡಿನ ಕೂಲಿ. ಬೆಳಗಿನ ಜಾವ ಬೀದಿ ಗುಡಿಸಲು ಹೋದ ಹೆಂಗಸು. ಅವ್ವ ಅಪ್ಪ ಕೂಲಿಗೆ ಹೋಗಿದ್ದಾಗ ಕೇರಿಯ ಬೀದಿಯಲ್ಲಿ ಆಡುತ್ತಿದ್ದ ಮಗು. ಕಾರಿನಲ್ಲಿ ಓಡಾಡುವವರನ್ನು ನಾಯಿ ಕಡಿಯೋದು ಕಡಿಮೆ. ಕಡಿದರೂ ಅವರು ಸಾಯೋದು ಇನ್ನೂ ಕಡಿಮೆ. ನಾಯಿಗೆ ಜಾತಿ ಗೊತ್ತಿಲ್ಲ, ನಿಜ. ಆದರೆ ಸೂಜಿಮದ್ದು ಇರುವ ಆಸ್ಪತ್ರೆಗೂ ನಮ್ಮ ಕೇರಿಗೂ ನಡುವೆ ಎಷ್ಟು ದೂರ ಇದೆ ಅನ್ನುವುದರಲ್ಲಿ ಎಲ್ಲ ಅಡಗಿದೆ.

ಎರಡು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಒಂದು, ರೇಬೀಸ್ ಅನ್ನುವ ಈ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಔಷಧಿ ಇವತ್ತಿಗೂ ಇಲ್ಲ. ಇಡೀ ಜಗತ್ತಿನಲ್ಲಿ ಆಮೇಲೆ ಬದುಕಿದವರು ಕೆಲವೇ ಕೆಲವರು. ಎರಡು, ಈ ರೋಗ ಬಾರದ ಹಾಗೆ ತಡೆಯುವ ಮದ್ದು 1885ರಿಂದಲೂ ಇದೆ. ಆ ವರ್ಷದ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್, ಹುಚ್ಚುನಾಯಿ ಕಡಿದಿದ್ದ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನಿಗೆ ಮೊದಲ ಸೂಜಿ ಹಾಕಿಸಿದ. ಹುಡುಗ ಬದುಕಿದ. ಅಲ್ಲಿಂದ ಇಲ್ಲಿಗೆ 140 ವರ್ಷ. 140 ವರ್ಷ ಹಳೆಯ ಮದ್ದು ಇದ್ದೂ ನಮ್ಮ ಮಕ್ಕಳು ಸಾಯುತ್ತಿದ್ದರೆ ಅದನ್ನು ಹಣೆಬರಹ ಅನ್ನಲು ನಾವು ತಯಾರಿಲ್ಲ.

ಹಾಗಾದರೆ ರೋಗದ ಲಕ್ಷಣ ತಿಳಿದುಕೊಂಡು ಏನು ಪ್ರಯೋಜನ, ಲಕ್ಷಣ ಕಂಡ ಮೇಲೆ ಹೇಗೂ ಉಳಿಯೋದಿಲ್ಲವಲ್ಲ ಅಂತ ಕೆಲವರು ಕೇಳಬಹುದು. ಪ್ರಯೋಜನ ಇದೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ. ಮೊದಲು ರೋಗ ಹೇಗೆ ಬರುತ್ತೆ ನೋಡೋಣ.

ರೋಗ ನಡೆದು ಬರುವ ದಾರಿ

ರೋಗದ ವೈರಸ್ಸು ಇರುವುದು ಹುಚ್ಚು ಹಿಡಿದ ಪ್ರಾಣಿಯ ಜೊಲ್ಲಿನಲ್ಲಿ. ಕಡಿದಾಗ, ಪರಚಿದಾಗ, ಇಲ್ಲವೇ ಇರುವ ಗಾಯವನ್ನು ನೆಕ್ಕಿದಾಗ ಅದು ಮೈಯೊಳಗೆ ಸೇರುತ್ತೆ. ನಮ್ಮ ದೇಶದಲ್ಲಿ ಬಹುಪಾಲು ನಾಯಿಯಿಂದಲೇ. ಬೆಕ್ಕು, ಕೋತಿ, ನರಿ, ಮುಂಗುಸಿಯಿಂದಲೂ ಬರಬಹುದು. ದನ, ಎಮ್ಮೆ, ಮೇಕೆಗೂ ಈ ರೋಗ ಹಿಡಿಯುತ್ತೆ.

ಒಳಗೆ ಸೇರಿದ್ದು ರಕ್ತದಲ್ಲಿ ಹರಿದುಕೊಂಡು ಹೋಗುವುದಿಲ್ಲ. ನರ ಹಿಡಿದು ನಿಧಾನವಾಗಿ ಮಿದುಳಿನ ಕಡೆಗೆ ಹತ್ತುತ್ತೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕೆಲವರಲ್ಲಿ ಒಂದೇ ವಾರ, ಕೆಲವರಲ್ಲಿ ಒಂದು ವರ್ಷ, ಅಪರೂಪಕ್ಕೆ ಅದಕ್ಕೂ ಹೆಚ್ಚು. ಮುಖ, ತಲೆ, ಕುತ್ತಿಗೆ, ಕೈಬೆರಳಿಗೆ ಕಡಿದರೆ ಬೇಗ. ಮಕ್ಕಳು ಗಿಡ್ಡ ಇರುವುದರಿಂದ ನಾಯಿಯ ಬಾಯಿ ನೇರ ಮುಖಕ್ಕೇ ಬರುತ್ತೆ. ಲೋಕದಲ್ಲಿ ಈ ರೋಗದಿಂದ ಸಾಯುವ ನೂರು ಜನರಲ್ಲಿ ಸುಮಾರು 40 ಮಂದಿ 15 ವರ್ಷದೊಳಗಿನವರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಈ ಎರಡು ಮೂರು ತಿಂಗಳು ಏನೂ ಆಗೋದಿಲ್ಲ. ಗಾಯ ಮಾಯುತ್ತೆ. ಹುಡುಗ ಸ್ಕೂಲಿಗೆ ಹೋಗ್ತಾನೆ, ಉಣ್ತಾನೆ, ಆಡ್ತಾನೆ. ಮನೆಯವರು ಮರೆಯುತ್ತಾರೆ. ಈ ಸುಮ್ಮನಿರುವ ದಿನಗಳೇ ನಮ್ಮನ್ನು ಮೋಸಗೊಳಿಸುವುದು. ನಮ್ಮನ್ನು ಉಳಿಸಬಲ್ಲ ದಿನಗಳೂ ಅವೇ. ವೈರಸ್ಸು ಮಿದುಳು ಮುಟ್ಟುವ ಮೊದಲು ಸೂಜಿಮದ್ದು ಮೈಯಲ್ಲಿ ಶಕ್ತಿ ಕಟ್ಟಿದರೆ ಮನುಷ್ಯ ಉಳಿದ. ತಡವಾದರೆ ಇಲ್ಲ.

ಲಕ್ಷಣಗಳು

ಮೊದಲ ಕೆಲವು ದಿನ ಎಲ್ಲ ಜ್ವರದ ಹಾಗೇ ಇದೂ ಒಂದು ಜ್ವರ. ತಲೆನೋವು, ಸುಸ್ತು, ಓಕರಿಕೆ, ಊಟ ಸೇರದಿರುವುದು. ಇದನ್ನು ನೋಡಿ ಯಾರೂ ರೇಬೀಸ್ ಅನ್ನಲಾರರು. ಆದರೆ ಅನೇಕರಲ್ಲಿ ಒಂದು ಗುರುತು ಇರುತ್ತೆ. ಹಿಂದೆ ಕಡಿದಿದ್ದ ಜಾಗದಲ್ಲಿ ನವೆ, ಉರಿ, ಜುಮುಜುಮು, ಇಲ್ಲವೇ ಮರಗಟ್ಟಿದ ಹಾಗೆ ಆಗುತ್ತೆ. ಗಾಯ ಮಾಯ್ದು ತಿಂಗಳಾಗಿದೆ, ಕಲೆ ಮಾತ್ರ ಉಳಿದಿದೆ, ಆದರೂ ಅಲ್ಲೇ ಕೆರೆದುಕೊಳ್ಳುತ್ತಿದ್ದಾನೆ ಅಂದರೆ ಕಿವಿ ನೆಟ್ಟಗಾಗಬೇಕು.

ಆಮೇಲೆ ಎರಡು ದಾರಿ. ಹೆಚ್ಚಿನವರಲ್ಲಿ ಕೆರಳುವ ರೂಪ. ನಿದ್ದೆ ಬಾರದು, ಕೂತಲ್ಲಿ ಕೂರಲಾರ, ಏನೋ ಭಯ. ಬೆಳಕು, ಸದ್ದು ತಡೆಯಲಾರ. ಬಾಯಾರಿಕೆ ಆಗುತ್ತೆ, ನೀರು ಕೇಳ್ತಾನೆ, ಲೋಟ ತುಟಿಯ ಹತ್ತಿರ ಬಂದ ಕೂಡಲೇ ಗಂಟಲಿನ, ಎದೆಯ ಸ್ನಾಯುಗಳು ಹಿಡಿದುಕೊಳ್ಳುತ್ತವೆ, ಉಸಿರು ಕಟ್ಟುತ್ತೆ, ಲೋಟ ತಳ್ಳಿಬಿಡ್ತಾನೆ. ಆಮೇಲೆ ನೀರು ಕಂಡರೂ, ನೀರಿನ ಸದ್ದು ಕೇಳಿದರೂ ಅದೇ ಸೆಳೆತ. ನೀರಿನ ಭಯ ಅನ್ನುವುದು ಇದನ್ನೇ. ಗಾಳಿಯೂ ಹಾಗೆ. ಫ್ಯಾನಿನ ಗಾಳಿ ಮುಖಕ್ಕೆ ಬಡಿದರೆ ಸಾಕು, ಗಂಟಲು ಬಿಗಿಯುತ್ತೆ. ಎಂಜಲು ನುಂಗಲಾರದೆ ಜೊಲ್ಲು ಸುರಿಯುತ್ತೆ. ಒಂದು ಗಳಿಗೆ ಕೂಗಾಟ, ಇನ್ನೊಂದು ಗಳಿಗೆಗೆ ತಿಳಿ ಬಂದು ಹೆಂಡತಿ ಮಕ್ಕಳ ಹೆಸರು ಹಿಡಿದು ಮಾತಾಡ್ತಾನೆ. ಹುಚ್ಚು ಅನ್ನುವ ಮಾತು ಇಲ್ಲಿ ಸಲ್ಲದು. ಬಹಳಷ್ಟು ಹೊತ್ತು ಆತನಿಗೆ ಎಲ್ಲವೂ ಗೊತ್ತಿರುತ್ತೆ. ಕೆಲವೇ ದಿನಗಳಲ್ಲಿ ಉಸಿರು, ಹೃದಯ ನಿಲ್ಲುತ್ತೆ.

ಇಂಥವನು ನಾಯಿಯ ಹಾಗೆ ಬೊಗಳ್ತಾನೆ ಅಂತ ಹಳ್ಳಿಗಳಲ್ಲಿ ಹೇಳ್ತಾರೆ. ಬೊಗಳುವುದಲ್ಲ ಅದು. ಗಂಟಲು ಸೆಳೆದು ಉಸಿರು ಸಿಕ್ಕಿಕೊಂಡಾಗ ಬರುವ ಸದ್ದು. ಸಾಯುತ್ತಿರುವ ಮನುಷ್ಯನನ್ನು ನಾಯಿ ಮಾಡಿ ನೋಡುವುದನ್ನು ಮೊದಲು ಬಿಡೋಣ.

ಇನ್ನೊಂದು ದಾರಿ ಸದ್ದಿಲ್ಲದ್ದು. ಸುಮಾರು ಐದು ಜನರಲ್ಲಿ ಒಬ್ಬರಿಗೆ ಹೀಗೆ ಆಗುತ್ತೆ. ಕೂಗಾಟ ಇಲ್ಲ, ನೀರಿನ ಭಯವೂ ಕಾಣದಿರಬಹುದು. ಕಡಿದಿದ್ದ ಕೈಯೋ ಕಾಲೋ ಮೊದಲು ಸೋಲುತ್ತೆ, ಆ ಸೋಲು ಮೈಯೆಲ್ಲ ಹರಡುತ್ತೆ, ಕೊನೆಗೆ ಪ್ರಜ್ಞೆ ಹೋಗುತ್ತೆ. ಇದಕ್ಕೆ ಇನ್ನೂ ಕೆಲವು ದಿನ ಹೆಚ್ಚು ಹಿಡಿಯುತ್ತೆ. ಮನೆಯವರು ಲಕ್ವ ಹೊಡೀತು ಅಂತಾರೆ. ಎಷ್ಟೋ ಸಲ ಡಾಕ್ಟರಿಗೂ ಹೊಳೆಯುವುದಿಲ್ಲ. ಆದ್ದರಿಂದ ನೀರು ಕುಡೀತಾ ಇದ್ದಾನೆ, ಹಾಗಾಗಿ ರೇಬೀಸ್ ಅಲ್ಲ ಅನ್ನುವ ಲೆಕ್ಕ ತಪ್ಪು. ನುಂಗಲಾಗದ, ಸೆಳೆತ ಬಂದ, ಕೈಕಾಲು ಸೋತ ರೋಗಿಯ ಮುಂದೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಒಂದು ವರ್ಷದಲ್ಲಿ ಯಾವುದಾದರೂ ಪ್ರಾಣಿ ಕಡಿದಿತ್ತಾ, ಪರಚಿತ್ತಾ? ನಾಯಿಮರಿ ಅಂತ ಬಿಡಬೇಡಿ. ಮರಿಗೂ ಹಲ್ಲಿದೆ.

ನಾವು ಕಂಡ ಒಂದು ಸಾವು

ಊರು ಬೇಡ, ಹೆಸರು ಬೇಡ. ನಮ್ಮ ಕಡೆಯ ಒಬ್ಬ ಕೂಲಿಯಾಳು. ಮನೆಯ ಮುಂದೆ ತಿರುಗಾಡುತ್ತಿದ್ದ ನಾಯಿ ಬೆರಳಿಗೆ ಕಚ್ಚಿತ್ತು. ಸುಣ್ಣ ಹಚ್ಚಿದರು. ಪಕ್ಕದೂರಿನಲ್ಲಿ ಸೊಪ್ಪಿನ ಔಷಧಿ ಕೊಡುವವರ ಹತ್ತಿರ ಮೂರು ಭಾನುವಾರ ಹೋಗಿಬಂದರು. ಪಥ್ಯ ಮಾಡಿದರು. ನಾಯಿ ಸತ್ತುಹೋಯಿತು, ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಎರಡು ತಿಂಗಳಾದ ಮೇಲೆ ಆ ಕೈ ಜುಮ್ ಅನ್ನತೊಡಗಿತು. ಮೂಟೆ ಹೊತ್ತು ಹಾಗಾಗಿದೆ ಅಂದುಕೊಂಡರು. ಮೂರನೆಯ ದಿನ ಅಂಬಲಿ ಗಂಟಲಲ್ಲಿ ಇಳಿಯಲಿಲ್ಲ. ಗಾಳಿ ಸೋಕಿದೆ ಅಂತ ಬಿಡಿಸುವ ಜಾಗಕ್ಕೆ ಕರಕೊಂಡು ಹೋದರು. ಅಲ್ಲಿ ಏನು ಮಾಡಿದರು ಗೊತ್ತೇ? ಕಂಬಕ್ಕೆ ಕಟ್ಟಿ ಕೊಡಗಟ್ಟಲೆ ತಣ್ಣೀರು ತಲೆಯ ಮೇಲೆ ಸುರಿದರು. ನೀರಿನ ಹನಿ ಕಂಡರೆ ಉಸಿರು ಕಟ್ಟುವ ಮನುಷ್ಯನ ಮೇಲೆ. ಆತ ಒದ್ದಾಡಿದಷ್ಟೂ ದೆವ್ವ ಹೆದರಿದೆ ಅಂತ ಇನ್ನಷ್ಟು ಸುರಿದರು.

ಸುರಿದವರು ಕಟುಕರಲ್ಲ. ಆತನ ಅಣ್ಣತಮ್ಮಂದಿರೇ. ಅವರಿಗೆ ಯಾರೂ ಹೇಳಿರಲಿಲ್ಲ. ಆ ಮನೆಯಲ್ಲಿ ಪಿಯುಸಿ ಓದುವ ಹುಡುಗ ಇದ್ದ, ಅವನಿಗೂ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ದಾರಿಯಲ್ಲೇ ಜೀವ ಹೋಯಿತು. ಮಣ್ಣು ಮಾಡಿ ಬಂದ ಮೇಲೆ ನಮ್ಮ ಹುಡುಗರು ಕೇರಿಯಲ್ಲಿ ಮನೆ ಮನೆ ಕೇಳಿದರು, ಆ ನಾಯಿ ಇನ್ಯಾರನ್ನಾದರೂ ಕಚ್ಚಿತ್ತಾ ಅಂತ. ಇಬ್ಬರು ಮಕ್ಕಳು ಸಿಕ್ಕಿದರು. ಒಬ್ಬಳಿಗೆ ಮೊಣಕಾಲಿನ ಹತ್ತಿರ ಪರಚಿದ ಗುರುತು, ಒಬ್ಬನಿಗೆ ಹಿಮ್ಮಡಿಯ ಹತ್ತಿರ ಹಲ್ಲಿನ ಕಲೆ. ಆವತ್ತೇ ಬಸ್ ಹತ್ತಿಸಿ ಕರಕೊಂಡು ಹೋಗಿ ಸೂಜಿ ಹಾಕಿಸಿದರು. ಇಬ್ಬರೂ ಈಗ ಸ್ಕೂಲಿಗೆ ಹೋಗುತ್ತಿದ್ದಾರೆ.

ಲಕ್ಷಣ ಗುರುತಿಸುವುದರಿಂದ ಏನು ಪ್ರಯೋಜನ ಅನ್ನುವುದಕ್ಕೆ ಇದೇ ಉತ್ತರ. ಸತ್ತವನನ್ನು ಉಳಿಸಲಾಗಲಿಲ್ಲ. ಆದರೆ ಆತನ ರೋಗವನ್ನು ಗುರುತಿಸಿದ್ದರಿಂದ ಇಬ್ಬರು ಉಳಿದರು. ಇನ್ನೂ ಮೊದಲೇ ಗುರುತಿಸಿದ್ದರೆ ಆತನ ಕೊನೆಯ ದಿನಗಳು ಕಂಬಕ್ಕೆ ಕಟ್ಟಿಸಿಕೊಂಡು ಕಳೆಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಂಪರು ಬರಿಸುವ ಔಷಧಿ ಕೊಟ್ಟು, ಕತ್ತಲ, ಸದ್ದಿಲ್ಲದ ಕೋಣೆಯಲ್ಲಿಟ್ಟು ನೋವು ಕಡಿಮೆ ಮಾಡಬಹುದು. ಸಾಯುವವರಿಗೂ ಒಂದು ಮರ್ಯಾದೆ ಇದೆ.

ಇನ್ನೊಂದು ಮಾತು. ಈ ರೋಗಿಯನ್ನು ಮುಟ್ಟಿದರೆ, ಪಕ್ಕದಲ್ಲಿ ಕೂತರೆ, ಮೈ ಒರೆಸಿದರೆ ರೋಗ ಅಂಟುವುದಿಲ್ಲ. ಆತನ ಎಂಜಲು ಕಣ್ಣಿಗೆ, ಬಾಯಿಗೆ, ಹಸಿ ಗಾಯಕ್ಕೆ ತಾಗಿದ್ದರೆ ಅಂಥವರು ಡಾಕ್ಟರನ್ನು ಕಂಡು ಸೂಜಿ ಹಾಕಿಸಿಕೊಳ್ಳಬೇಕು, ಅಷ್ಟೆ. ಮುಟ್ಟಬೇಡಿ ಅನ್ನುವ ಮಾತನ್ನು ನಾವಂತೂ ಯಾವ ಮನುಷ್ಯನಿಗೂ ಹೇಳಬಾರದು. ಆ ಮಾತಿನ ಪೆಟ್ಟು ಎಂಥದು ಅಂತ ನಮಗೆ ಗೊತ್ತು.

ಸೊಪ್ಪಿನ ಔಷಧಿ ವಾಸಿ ಮಾಡುತ್ತಾ?

ನಮ್ಮ ಹಿರಿಯರು ಹೇಳ್ತಾರೆ, ನಾಟಿ ಔಷಧಿ ತಗೊಂಡವರು ಎಷ್ಟೋ ಜನ ಚೆನ್ನಾಗಿದ್ದಾರಲ್ಲ ಅಂತ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಲೆಕ್ಕ ನೋಡಿ. ಕಡಿಯುವ ನಾಯಿಗಳೆಲ್ಲ ಹುಚ್ಚುನಾಯಿಗಳಲ್ಲ. ಹುಚ್ಚುನಾಯಿ ಕಡಿದ ಪ್ರತಿಯೊಬ್ಬರಿಗೂ ರೋಗ ಹತ್ತುವುದೂ ಇಲ್ಲ. ಹೀಗಿರುವಾಗ ನೂರು ಜನಕ್ಕೆ ಬರೀ ಬೂದಿ ಕೊಟ್ಟು ಕಳಿಸಿದರೂ ಬಹಳ ಮಂದಿ ಬದುಕಿಯೇ ಬದುಕ್ತಾರೆ. ಬದುಕಿದವರು ಹಬ್ಬಕ್ಕೆ ಕೋಳಿ ತಗೊಂಡು ಹೋಗಿ ಔಷಧಿ ಕೊಟ್ಟವರ ಕಾಲಿಗೆ ಬೀಳ್ತಾರೆ, ಊರೂರಿಗೆ ಹೇಳ್ತಾರೆ. ಸತ್ತವರು ಬಂದು ಹೇಳುವುದಿಲ್ಲ. ಅವರ ಮನೆಯವರಿಗೆ ಪಥ್ಯ ಕೆಡಿಸಿದಿರಿ ಅನ್ನುವ ಉತ್ತರ ಸಿಗುತ್ತೆ. ಹಿರಿಯರನ್ನು ಗೇಲಿ ಮಾಡಬೇಡಿ. ಈ ಲೆಕ್ಕವನ್ನು ಅವರ ಮುಂದೆ ಇಡಿ, ಅವರಿಗೆ ಅರ್ಥವಾಗುತ್ತೆ. ಔಷಧಿ ಬೇಕಾದರೆ ತಗೊಳ್ಳಿ ಅಜ್ಜಿ, ಆದರೆ ಮೊದಲು ಸೂಜಿ ಹಾಕಿಸಿಕೊಂಡು ಬರೋಣ ಅಂದರೆ ಜಗಳವೇ ಇರುವುದಿಲ್ಲ.

ಅವರ ಇನ್ನೊಂದು ಭಯ ಹೊಟ್ಟೆಗೆ 14 ಸೂಜಿ. ಅದು ಸುಳ್ಳು ಭಯವಲ್ಲ, ಹಳೆಯ ಭಯ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಸೆಂಪಲ್ ಲಸಿಕೆಯನ್ನು ಹಾಗೇ ಚುಚ್ಚುತ್ತಿದ್ದರು. ಅದರಿಂದ ಕೆಲವರಿಗೆ ನರದ ತೊಂದರೆಯೂ ಆಗಿತ್ತು. ನಮ್ಮ ದೇಶದಲ್ಲಿ 2004ರ ಕೊನೆಗೆ ಅದನ್ನು ಮಾಡುವುದನ್ನೇ ನಿಲ್ಲಿಸಿದರು. ಇವತ್ತಿನ ಸೂಜಿ ತೋಳಿಗೆ. ಪುಟ್ಟ ಮಕ್ಕಳಿಗೆ ತೊಡೆಗೂ ಹಾಕುತ್ತಾರೆ. ಬಸುರಿ, ಬಾಣಂತಿ, ಹಸುಗೂಸು ಯಾರಿಗಾದರೂ ಹಾಕಬಹುದು. ಪಥ್ಯ ಬೇಕಿಲ್ಲ.

ಕಡಿದ ಗಳಿಗೆಯಲ್ಲಿ

ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಕಡಿದ ತಕ್ಷಣ ಹರಿಯುವ ನೀರಿನಲ್ಲಿ, ಸೋಪು ಹಚ್ಚಿ, 15 ನಿಮಿಷ ತೊಳೆಯಬೇಕು. ಐದು ನಿಮಿಷ ಅಲ್ಲ, ಗಡಿಯಾರ ನೋಡಿಕೊಂಡು ಹದಿನೈದು. ಬಟ್ಟೆ ಸೋಪಾದರೂ ಸರಿ. ನಲ್ಲಿ ಇಲ್ಲದಿದ್ದರೆ ಚೆಂಬಿನಲ್ಲಿ ಹೊಯ್ದು ಹೊಯ್ದು ತೊಳೆಯಿರಿ. ಸೋಪು ಆ ವೈರಸ್ಸನ್ನು ಅಲ್ಲೇ ಕೊಲ್ಲುತ್ತೆ. ಆಮೇಲೆ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ. ಸುಣ್ಣ, ಮೆಣಸಿನಪುಡಿ, ಅರಿಶಿನ, ಕಾಫಿಪುಡಿ, ಬಿಸಿ ಬರೆ ಯಾವುದೂ ಬೇಡ. ಹೊಲಿಗೆ ಹಾಕಿಸಲು ಅವಸರ ಬೇಡ.

ಆಮೇಲೆ ಅವತ್ತೇ ಆಸ್ಪತ್ರೆ. ಚರ್ಮ ತರಚಿದೆ, ರಕ್ತ ಬಂದಿಲ್ಲ ಅಂದರೂ ಸೂಜಿ ಬೇಕು. ರಕ್ತ ಬಂದಿದ್ದರೆ, ಹಲ್ಲು ಇಳಿದಿದ್ದರೆ, ಗಾಯಕ್ಕೋ ಕಣ್ಣು ಬಾಯಿಗೋ ಜೊಲ್ಲು ತಾಗಿದ್ದರೆ ಸೂಜಿಯ ಜೊತೆಗೆ ಇನ್ನೊಂದು ಮದ್ದು ಬೇಕೇ ಬೇಕು. ಅದರ ಹೆಸರು ಇಮ್ಯುನೊಗ್ಲೊಬ್ಯುಲಿನ್. ಕಷ್ಟವಾದರೂ ಈ ಹೆಸರು ನೆನಪಿಡಿ, ಯಾಕೆಂದರೆ ಕೇಳದಿದ್ದರೆ ಎಷ್ಟೋ ಕಡೆ ಕೊಡುವುದಿಲ್ಲ. ಲಸಿಕೆ ಮೈಯಲ್ಲಿ ಶಕ್ತಿ ಕಟ್ಟಲು ಒಂದೆರಡು ವಾರ ಬೇಕು. ಆ ತನಕ ಕಾವಲು ಕಾಯುವುದು ಈ ಮದ್ದು. ಇದನ್ನು ತೂಕ ನೋಡಿ ಗಾಯದೊಳಗೆ, ಗಾಯದ ಸುತ್ತ ಹಾಕಬೇಕು. ಮೊದಲ ಸೂಜಿಯ ದಿನವೇ ಹಾಕಿಸುವುದು ಒಳ್ಳೆಯದು. ಆಗದಿದ್ದರೆ 7 ದಿನದೊಳಗೆ. 2025ರಲ್ಲಿ ಪಕ್ಕದ ಕೇರಳದಲ್ಲಿ ಸೂಜಿ ಶುರು ಮಾಡಿದ್ದ ಮಕ್ಕಳೂ ತೀರಿಕೊಂಡರು. ತಲೆ, ಮುಖಕ್ಕೆ ಕಡಿದರೆ ಎಷ್ಟು ಬೇಗ ತೊಳೆದರು, ಈ ಮದ್ದು ಗಾಯದ ಮೂಲೆ ಮೂಲೆಗೂ ಸೇರಿತಾ ಅನ್ನುವುದರ ಮೇಲೆ ಜೀವ ನಿಂತಿರುತ್ತೆ.

ಸೂಜಿಯ ದಿನಗಳು 0, 3, 7, 28. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದೊಳಗೆ ಹಾಕುವ ಕ್ರಮ ಇದು, ಪ್ರತಿ ಸಲ ಎರಡು ತೋಳಿಗೂ ಒಂದೊಂದು. ಸ್ನಾಯುವಿಗೆ ಹಾಕುವ ಕಡೆ 14ನೆಯ ದಿನದ್ದೂ ಸೇರಿ ಐದು ಸಲ. ಮೊದಲನೆಯದು ಸೋಮವಾರ ಆದರೆ ಎರಡನೆಯದು ಗುರುವಾರ, ಮೂರನೆಯದು ಮುಂದಿನ ಸೋಮವಾರ, ಕೊನೆಯದು ಮೊದಲ ದಿನದಿಂದ ಸರಿಯಾಗಿ ನಾಲ್ಕು ವಾರಕ್ಕೆ, ಮತ್ತೆ ಸೋಮವಾರ. ಗಾಯ ಮಾಯಿತು ಅಂತ ಮಧ್ಯದಲ್ಲಿ ಬಿಡಬೇಡಿ. ಕಡಿದು ತಿಂಗಳುಗಳೇ ಆಗಿದ್ದರೂ, ಇನ್ನೂ ಸೂಜಿ ಹಾಕಿಸಿಲ್ಲದಿದ್ದರೆ ಇವತ್ತೇ ಹೋಗಿ. ತಡವಾಯಿತು ಅಂತ ಸುಮ್ಮನಾಗಬೇಡಿ.

ನಾಯಿಯನ್ನು 10 ದಿನ ನೋಡೋಣ, ಆಮೇಲೆ ಸೂಜಿ ಅನ್ನುವವರಿದ್ದಾರೆ. ತಲೆಕೆಳಗಾದ ಮಾತು. ಸೂಜಿ ಶುರು ಮಾಡಿ, ಆಮೇಲೆ ನಾಯಿಯನ್ನು ನೋಡಿ. 10 ದಿನ ಆದ ಮೇಲೂ ಅದು ಆರೋಗ್ಯವಾಗಿದ್ದರೆ ಮುಂದಿನ ಸೂಜಿ ಬೇಕೋ ಬೇಡವೋ ಡಾಕ್ಟರು ಹೇಳ್ತಾರೆ. ಈ 10 ದಿನದ ಲೆಕ್ಕ ನಾಯಿ ಬೆಕ್ಕಿಗೆ ಮಾತ್ರ.

ನಮ್ಮ ಕೇರಿಗಳಿಗೇ ಸೇರಿದ ಒಂದು ಅಪಾಯ ಇದೆ, ಇದನ್ನು ಯಾವ ಭಿತ್ತಿಪತ್ರದಲ್ಲೂ ಬರೆಯುವುದಿಲ್ಲ. ದನಕ್ಕೆ ರೇಬೀಸ್ ಹಿಡಿದಾಗ ಅದು ಮೇವು ನುಂಗುವುದಿಲ್ಲ, ಜೊಲ್ಲು ಸುರಿಸುತ್ತೆ, ದನಿ ಬದಲಾಗಿ ಅರಚುತ್ತೆ. ಗಂಟಲಲ್ಲಿ ಏನೋ ಸಿಕ್ಕಿದೆ, ಕೈ ಹಾಕಿ ನೋಡೋ ಅಂತ ಒಡೆಯ ಹೇಳ್ತಾನೆ. ಕೈ ಹಾಕುವುದು ಕೊಟ್ಟಿಗೆಯ ಆಳು. ಕೈಯಲ್ಲಿ ಗೀರು, ಬಿರುಕು ಇದ್ದರೆ ಅಲ್ಲಿಗೆ ಮುಗಿಯಿತು. ಕೊನೆಗೆ ದನ ಸತ್ತಾಗ ಎಳೆದು ಹಾಕಲು, ಸುಲಿಯಲು ಕರೆ ಬರುವುದೂ ಕೇರಿಗೇ. ಅಂಥ ದನದ ಬಾಯಿ, ಮಿದುಳಿನಲ್ಲಿ ರೋಗ ಇರುತ್ತೆ. ಬಾಯಿಗೆ ಕೈ ಹಾಕಬೇಡಿ. ಹಾಕಿದ್ದರೆ ತೊಳೆದು ಆಸ್ಪತ್ರೆಗೆ ಹೋಗಿ. ಒಡೆಯ ಪಶುವೈದ್ಯರನ್ನು ಕರೆಸಲಿ.

54 ಮತ್ತು 5,726

ಈಗ ಸರ್ಕಾರದ ಲೆಕ್ಕ ನೋಡಿ. 2024ರಲ್ಲಿ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ಮಂದಿಗೆ ನಾಯಿ ಕಡಿದಿದೆ, ರೇಬೀಸಿನಿಂದ ಸತ್ತಿರಬಹುದಾದವರು 54 ಮಂದಿ ಅಂತ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ಅದೇ 2024ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಮನೆ ಮನೆ ಸುತ್ತಿ ಮಾಡಿದ ಸಮೀಕ್ಷೆ ಪ್ರಕಟವಾಯಿತು. ಅವರ ಅಂದಾಜಿನಲ್ಲಿ ವರ್ಷಕ್ಕೆ ಸತ್ತವರು 5,726. ಪ್ರಾಣಿ ಕಡಿದವರಲ್ಲಿ ಐದಕ್ಕೆ ಒಬ್ಬರು ಒಂದು ಸೂಜಿಯನ್ನೂ ಹಾಕಿಸಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಅಂದಾಜು ಇದಕ್ಕಿಂತಲೂ ಬಹಳ ದೊಡ್ಡದು, 18,000ದಿಂದ 20,000.

ಅಂದಾಜು ಅಂದಾಜೇ ಇರಲಿ. 54 ಎಲ್ಲಿ, 5,726 ಎಲ್ಲಿ? ನಡುವೆ ಕಾಣೆಯಾದ ಸಾವಿರಾರು ಜನ ಯಾರು? ಜ್ವರ ಅಂತ, ಲಕ್ವ ಅಂತ, ಗಾಳಿ ಸೋಕು ಅಂತ ಮನೆಯಲ್ಲೇ ಸತ್ತವರು. ಆಸ್ಪತ್ರೆ ಮುಟ್ಟದವರು. ಯಾವ ದಫ್ತರದಲ್ಲೂ ಹೆಸರಿಲ್ಲದವರು. ಲೆಕ್ಕಕ್ಕೆ ಬಾರದ ಸಾವಿಗೆ ಸರ್ಕಾರ ಮದ್ದು ತರಿಸುವುದಿಲ್ಲ. ಇಮ್ಯುನೊಗ್ಲೊಬ್ಯುಲಿನ್ ಬಂದರೂ ಹೆಚ್ಚಾಗಿ ದೊಡ್ಡ ಆಸ್ಪತ್ರೆಗೆ ಬರುತ್ತೆ. ಕರ್ನಾಟಕ ಸರ್ಕಾರ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಅಂತ ಸಾರಿದೆ. ಒಳ್ಳೆಯದು. ಆದರೆ ಕಾಗದದ ಮೇಲಿನ ಆದೇಶ ಕೇರಿಗೆ ತಾನಾಗಿ ನಡೆದು ಬರುವುದಿಲ್ಲ. ನೀರು ನುಂಗಲಾರದೆ ಸತ್ತವನನ್ನು ಗುರುತಿಸಿ, ಇದು ರೇಬೀಸ್, ಬರೆದುಕೊಳ್ಳಿ ಅಂತ ಹೇಳುವವರು ಬೇಕು. ಓದಿದವರು ನಾವು. ನಾವಲ್ಲದೆ ಇನ್ಯಾರು ಹೇಳಬೇಕು?

ನಾಯಿಗಳನ್ನು ಕೊಲ್ಲಬೇಕೋ ಸಾಕಬೇಕೋ ಅನ್ನುವ ಜಗಳ ಪಟ್ಟಣಗಳಲ್ಲಿ ಜೋರಾಗಿ ನಡೆದಿದೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ನಾಯಿಗಳ ಬಗ್ಗೆ ಒಂದು ಆದೇಶ ಕೊಟ್ಟು, ಹತ್ತು ದಿನ ಕಳೆದ ಮೇಲೆ ಬದಲಿಸಿದಾಗ ಟೀವಿಯಲ್ಲಿ ಎರಡು ಕಡೆಯವರೂ ಕಿರುಚಾಡಿದರು. ಆ ಕಿರುಚಾಟದಲ್ಲಿ ಇಮ್ಯುನೊಗ್ಲೊಬ್ಯುಲಿನ್ ಅನ್ನುವ ಹೆಸರು ಎಷ್ಟು ಸಲ ಬಂತು? ನಾಯಿ ನಮ್ಮ ಶತ್ರುವಲ್ಲ. ಕೇರಿಯ ಕಾವಲು ಅದು, ನಮ್ಮ ಜೊತೆಗೆ ಅರೆಹೊಟ್ಟೆ ಉಂಡ ಪ್ರಾಣಿ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಹಾಕಿದರೆ ರೋಗ ಹರಡುವುದು ನಿಲ್ಲುತ್ತೆ ಅಂತ ತಿಳಿದವರು ಹೇಳ್ತಾರೆ. ಹೊಡೆದು ಕೊಂದು ಯಾರೂ ರೇಬೀಸ್ ನಿಲ್ಲಿಸಿಲ್ಲ. 2030ರ ಹೊತ್ತಿಗೆ ನಾಯಿಯಿಂದ ಬರುವ ರೇಬೀಸನ್ನು ಇಲ್ಲವಾಗಿಸುತ್ತೇವೆ ಅಂತ ಕೇಂದ್ರ ಸರ್ಕಾರ 2021ರಲ್ಲಿ ಯೋಜನೆ ಹಾಕಿಕೊಂಡಿದೆ. ಆ ಲಸಿಕೆಯ ಗಾಡಿ ಮೊದಲು ಬಡಾವಣೆಗೆ ಹೋಗುತ್ತಾ, ಕೇರಿಗೆ ಬರುತ್ತಾ, ಅದನ್ನು ನಾವು ಕೇಳಬೇಕು.

ಹಾಸ್ಟೆಲಿನ ಗೆಳೆಯರು ಮಾಡಬೇಕಾದ್ದು

1. ಹಾಸ್ಟೆಲಿನ ಅಡುಗೆಮನೆಯ ಹಿಂದೆ ಎಂಜಲು ಬೀಳುವ ಕಡೆ ನಾಯಿ ಸೇರುತ್ತವೆ, ಹುಡುಗರಿಗೆ ಕಡಿತವೂ ಅಲ್ಲೇ ಆಗುವುದು. ವಾರ್ಡನ್ ಬೈತಾರೆ, ಕ್ಲಾಸು ತಪ್ಪುತ್ತೆ ಅಂತ ಮುಚ್ಚಿಡುವುದನ್ನು ಇವತ್ತಿಗೇ ನಿಲ್ಲಿಸಿ. ಮುಚ್ಚಿಟ್ಟ ಗೆಳೆಯನನ್ನು ಕರಕೊಂಡು ಹೋಗುವುದು ರೂಮಿನವರ ಕೆಲಸ.

2. ನಲ್ಲಿಯ ಪಕ್ಕದಲ್ಲಿ ಸದಾ ಒಂದು ಸೋಪು ಇರಲಿ. ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ: 15 ನಿಮಿಷ. 0, 3, 7, 28.

3. ರಜೆಗೆ ಊರಿಗೆ ಹೋದಾಗ ಕೇರಿಯಲ್ಲಿ ಮನೆ ಮನೆ ಕೇಳಿ, ಈ ವರ್ಷ ಯಾರಿಗೆ ನಾಯಿ ಕಡಿದಿದೆ, ಎಷ್ಟು ಸೂಜಿ ಆಗಿದೆ ಅಂತ. ಅರ್ಧಕ್ಕೆ ಬಿಟ್ಟವರನ್ನು ಆಸ್ಪತ್ರೆಗೆ ಕರಕೊಂಡು ಹೋಗಿ. ನಾಲ್ಕು ಸಲ ಹೋಗುವುದು ಅಂದರೆ ನಾಲ್ಕು ದಿನದ ಕೂಲಿ ಹೋಯಿತು ಅಂತ ಅರ್ಥ. ಮಗುವನ್ನು ನೀವು ಕರಕೊಂಡು ಹೋದರೆ ತಾಯಿಯ ಕೂಲಿ ಉಳಿಯುತ್ತೆ.

4. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾಲ್ಕು ಜನ ಸೇರಿ ಹೋಗಿ ಕೇಳಿ: ರೇಬೀಸ್ ಲಸಿಕೆ ಇದೆಯಾ? ಫ್ರಿಜ್ಜು ನಡೆಯುತ್ತಿದೆಯಾ? ಇಮ್ಯುನೊಗ್ಲೊಬ್ಯುಲಿನ್ ಯಾವ ಆಸ್ಪತ್ರೆಯಲ್ಲಿ ಸಿಗುತ್ತೆ? ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಇಲ್ಲ, ಹೊರಗಡೆ ತಗೊಂಡು ಬನ್ನಿ ಅಂದರೆ ಇಲ್ಲ ಅನ್ನುವುದನ್ನು ಬರೆದು ಸಹಿ ಹಾಕಿ ಕೊಡಿ ಅನ್ನಿ. ಆ ಕಾಗದ ಹಿಡಿದು ತಾಲ್ಲೂಕು ಆರೋಗ್ಯಾಧಿಕಾರಿಯ ಹತ್ತಿರ, ಅಲ್ಲಿಂದ ಜಿಲ್ಲೆಗೆ ಹೋಗಿ. ಬರಿಗೈಲಿ ಹೋಗಿ ಕೂಗುವುದಕ್ಕಿಂತ ಒಂದು ಕಾಗದ ಹಿಡಿದು ಹೋಗುವುದರ ತೂಕ ಹೆಚ್ಚು.

5. ಯಾರಿಗಾದರೂ ಈ ಲಕ್ಷಣ ಕಂಡರೆ ಕಟ್ಟಿಹಾಕಲು, ಬಿಡಿಸಲು ಬಿಡಬೇಡಿ. ನೀರು ಕೊಟ್ಟು, ಗಾಳಿ ಬೀಸಿ ಪರೀಕ್ಷೆ ಮಾಡುವ ಆಟವೂ ಬೇಡ. ಜಿಲ್ಲಾ ಆಸ್ಪತ್ರೆಗೆ ಸಾಗಿಸಿ, ಕಡಿತದ ವಿಷಯವನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅದೇ ದಿನ ಆ ಪ್ರಾಣಿ ಕಡಿದ ಇತರರನ್ನು ಹುಡುಕಿ. ಸಾವಾದರೆ ಕಾರಣ ಬರೆಸಿ.

ಬಂಧುಗಳೇ, ಕಾಯುವುದು ನಮಗೆ ಅಭ್ಯಾಸವಾಗಿಹೋಗಿದೆ. ಮನೆಗಾಗಿ ಕಾಯುತ್ತೇವೆ, ಭೂಮಿಗಾಗಿ ಕಾಯುತ್ತೇವೆ, ಸ್ಕಾಲರ್‌ಶಿಪ್ಪಿಗಾಗಿ ಕಾಯುತ್ತೇವೆ. ಈ ಒಂದು ವಿಷಯದಲ್ಲಿ ಮಾತ್ರ ಕಾಯಬಾರದು. ಜ್ವರ ಬರುತ್ತಾ ನೋಡೋಣ, ನಾಯಿ ಸಾಯುತ್ತಾ ನೋಡೋಣ, ನೀರು ಕಂಡರೆ ಹೆದರುತ್ತಾನಾ ನೋಡೋಣ ಅನ್ನುವುದರೊಳಗೆ ಒಂದು ಜೀವ ಹೋಗಿರುತ್ತೆ. ಲಕ್ಷಣ ಕಲಿಯಿರಿ, ಕೇರಿಗೆ ಕಲಿಸಿ. ಆದರೆ ಕಡಿದವನ ಮುಂದೆ ಲಕ್ಷಣ ಕಾಯುತ್ತಾ ಕೂರಬೇಡಿ. ಸೋಪು ತಗೊಳ್ಳಿ, ತೊಳೆಯಿರಿ, ಬಸ್ಸು ಹತ್ತಿ.